ಆಳು: ಐದು ಅಡಿ ಆರು ಇಂಚು

ಅವರು ಮೊದಲ ಸಲ ನನ್ನನ್ನು ಮಾತಾಡಿಸಿದಾಗ ಕೇಳಿದ್ದು ಹೆಸರಲ್ಲ, ಊರಲ್ಲ, ಜಾತಿಯಂತೂ ಅಲ್ಲವೇ ಅಲ್ಲ. "ನಿನ್ನ ಎತ್ತರ ಎಷ್ಟಪ್ಪ?" ಎಂದು ಕೇಳಿದರು.

ಶಿಡ್ಲಘಟ್ಟದ ಬಸ್‌ಸ್ಟ್ಯಾಂಡಿನ ಹಿಂದಿನ ಅವರ ಸ್ಟುಡಿಯೋಗೆ ನಾನು ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆಸಲು ಹೋಗಿದ್ದೆ. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗುಮಾಸ್ತನಾಗಿ ಸೇರಿ ಆಗಷ್ಟೇ ತಿಂಗಳಾಗಿತ್ತು, ವಯಸ್ಸು ಮೂವತ್ತನಾಲ್ಕು. ಎತ್ತರ ಗೊತ್ತಿಲ್ಲ ಎಂದೆ. "ಚಪ್ಪಲಿ ಬಿಡು" ಎಂದು ನನ್ನನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿದರು. ನೆತ್ತಿಯ ಮೇಲೆ ಸ್ಕೇಲಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದರು, ಟೇಪು ಹಿಡಿದರು. "ಐದು ಅಡಿ ಆರು ಇಂಚು. ಚೆನ್ನಾಗಿದೆ. ಭಾನುವಾರ ಏನ್ ಮಾಡ್ತೀಯ?" ಎಂದರು. ಏನೂ ಮಾಡುವುದಿಲ್ಲ ಎಂದೆ. ಆ ಕಾಲಕ್ಕೆ ಅದು ನಿಜವೂ ಆಗಿತ್ತು.

ಕಳೆದ ತಿಂಗಳು ಅವರು ಗೌರಿಬಿದನೂರಿನಲ್ಲಿ, ತಂಗಿಯ ಮನೆಯಲ್ಲಿ ತೀರಿಕೊಂಡರು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಆ ಹೆಸರು ಕೇಳಿದರೆ ಥೂ ಎಂದು ಮುಖ ತಿರುಗಿಸುವವರು ನಮ್ಮ ಕಡೆ ಇನ್ನೂ ಇದ್ದಾರೆ. ಅವರು ತಿರುಗಿಸಿಕೊಳ್ಳಲಿ, ಬೇಡ ಅನ್ನುವುದಿಲ್ಲ. ಆದರೆ ನಾನು ಹೇಳುವುದನ್ನು ಕೇಳಿದ ಮೇಲೆ ತಿರುಗಿಸಿಕೊಳ್ಳಲಿ.

ಸ್ಟುಡಿಯೋ ನಡೆಯುತ್ತಿದ್ದದ್ದು ಪಾಸ್‌ಪೋರ್ಟ್ ಫೋಟೋ, ಮದುವೆ, ನಾಮಕರಣಗಳಿಂದ. ಅದಲ್ಲದೆ ಇನ್ನೊಂದು ಕೆಲಸವಿತ್ತು. ಬಾವಿಯಲ್ಲಿ, ಹುಣಸೆಮರದಲ್ಲಿ, ಹಳಿಯ ಮೇಲೆ ಎಲ್ಲಾದರೂ ಹೆಣ ಸಿಕ್ಕಿದರೆ, ಮಹಜರಿಗೆ ಫೋಟೋ ಬೇಕೆಂದು ಪೊಲೀಸರು ಅವರನ್ನೇ ಕರೆಸುತ್ತಿದ್ದರು. ಕಪ್ಪು ಚೀಲ ತೊಡೆಯ ಮೇಲಿಟ್ಟುಕೊಂಡು ಮೊಪೆಡ್ಡಿನಲ್ಲಿ ಅವರು ಹೊರಟರೆಂದರೆ ಅಂಗಡಿಯವರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಯಾರು ಹೋದರೋ ಎಂಬುದಷ್ಟೇ ಪ್ರಶ್ನೆ. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಅವರು ಎದುರು ಬಂದರೆ ಕೆಲವರು ಒಳಗೆ ಹೋಗಿ ಒಂದು ಲೋಟ ನೀರು ಕುಡಿದು ಮತ್ತೆ ಬರುತ್ತಿದ್ದರು. ಇವರದು ಶಕುನ ಗಿಕುನ ನಂಬದ ಮನೆತನ. ಸ್ಟುಡಿಯೋದ ಗೋಡೆಯಲ್ಲಿ ಬುದ್ಧನ ಪಟವೊಂದು ಬಿಟ್ಟರೆ ಬೇರೆ ದೇವರಿರಲಿಲ್ಲ. "ನೀರು ಕುಡೀಲಿ ಬಿಡಪ್ಪ, ಒಳ್ಳೇದೇ, ಬಿಸಿಲು ಜಾಸ್ತಿ" ಎಂದು ನಗುತ್ತಿದ್ದರು.

ಒಮ್ಮೆ ಮಾತ್ರ ನಗದೆ ಹೇಳಿದ್ದರು. "ನಾನ್ ಹೋಗೋ ಹೊತ್ಗೆ ಎಲ್ಲಾ ಮುಗ್ದಿರ್ತದೆ ಕಣಪ್ಪ. ಇಷ್ಟು ವರ್ಷದಲ್ಲಿ ಒಂದೇ ಒಂದ್ ಸಲಾನೂ ಮುಂಚೆ ಹೋಗಿಲ್ಲ." ಡಾರ್ಕ್‌ರೂಮಿನ ಕೆಂಪು ದೀಪದಲ್ಲಿ ಅವರ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ತಟ್ಟೆಯ ನೀರಿನಲ್ಲಿ ಯಾರದೋ ಕಾಲು ನಿಧಾನಕ್ಕೆ ಮೂಡುತ್ತಿತ್ತು. ನಾನು ಹೊರಗೆ ಬಂದುಬಿಟ್ಟೆ.

ಭಾನುವಾರಗಳ ಕೆಲಸ ಬೇರೆ. ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟ, ಚಿಂತಾಮಣಿಗಳನ್ನು ದಾಟಿ ಕೋಲಾರದ ಕಡೆಗೆ ಹೋಗುತ್ತಿದ್ದ ಸಣ್ಣ ರೈಲು ಆಗ ನಿಂತುಹೋಗುತ್ತಿದ್ದ ಕಾಲ. ದೊಡ್ಡ ಹಳಿ ಬರುತ್ತದೆ ಎಂದು ಸಣ್ಣ ಹಳಿಯನ್ನು ಅಲ್ಲಲ್ಲಿ ಕೀಳುತ್ತಿದ್ದರು. ಕೀಳುವುದಕ್ಕೆ ಮುಂಚೆ ಎಲ್ಲವನ್ನೂ ತೆಗೆದಿಡಬೇಕು ಎಂಬ ಹಟ ಅವರದು. ಹೆಂಚಿನ ಸ್ಟೇಷನ್ನು, ಗೇಟು, ಮೋರಿ, ಕಮಾನು, ಸಿಗ್ನಲ್ಲಿನ ಕೈಮರ, ಮುಳ್ಳುಗಿಡಗಳ ನಡುವೆ ತುಕ್ಕು ಹಿಡಿದು ನಿಂತ ಡಬ್ಬಿ, ಯಾವುದನ್ನೂ ಬಿಡುತ್ತಿರಲಿಲ್ಲ. ಪ್ರತಿ ಫೋಟೋದಲ್ಲೂ ಪಕ್ಕದಲ್ಲಿ ಒಬ್ಬ ಆಳು ನಿಂತಿರಬೇಕು. ಆಳಿದ್ದರೆ ತಾನೇ ಗೋಡೆ ಎಷ್ಟು ಎತ್ತರ, ಕಮಾನು ಎಷ್ಟು ಅಗಲ ಎಂದು ಮುಂದೆ ನೋಡುವವರಿಗೆ ಗೊತ್ತಾಗುವುದು? ನಾನು ಆ ಆಳು. ಚಪ್ಪಲಿ ಹಾಕಿದರೆ ಲೆಕ್ಕ ತಪ್ಪುತ್ತದೆ ಎಂದು ಹೋದಲ್ಲೆಲ್ಲ ಗುಡಿಯ ಮುಂದೆ ಬಿಟ್ಟ ಹಾಗೆ ಚಪ್ಪಲಿ ಬಿಡಬೇಕಿತ್ತು. ಕಾದ ಜಲ್ಲಿಯ ಮೇಲೆ ನಿಂತು ನಾನು ಕುಣಿಯುತ್ತಿದ್ದರೆ, "ನೆಟ್ಟಗೆ ನಿಲ್ಲಪ್ಪ, ಸ್ಟೇಷನ್ನು ನೋಡು ಎಷ್ಟು ಮರ್ಯಾದೆಯಾಗಿ ನಿಂತಿದೆ" ಎನ್ನುವರು.

ಫೋಟೋ ತೊಳೆದು ಒಣಗಿಸಿದ ಮೇಲೆ ಹಿಂಬದಿಯಲ್ಲಿ ಬರೆಯುತ್ತಿದ್ದರು. ಜಾಗ, ದಿನ, ಹೊತ್ತು. ಕೊನೆಯಲ್ಲಿ ತಪ್ಪದೆ, "ಆಳು: ೫ ಅಡಿ ೬ ಇಂಚು". ಹಿಂದೆ ಬರೆಯದ ಫೋಟೋ ಅನಾಥ ಹೆಣವಿದ್ದಂತೆ, ಯಾರೂ ಬಂದು ನಮ್ಮದು ಅನ್ನುವುದಿಲ್ಲ ಎನ್ನುತ್ತಿದ್ದರು. ಬರೆಯುವುದರಲ್ಲಿ ಒಂದಕ್ಷರ ಹೆಚ್ಚುಕಮ್ಮಿ ಮಾಡಿದವರಲ್ಲ. ಒಂದು ಮದುವೆಯಲ್ಲಿ ಮುಹೂರ್ತ ದಾಟಿ ಹದಿನೇಳು ನಿಮಿಷಕ್ಕೆ ತಾಳಿ ಕಟ್ಟಿದರು. ಇವರು ಫೋಟೋದ ಹಿಂದೆ ಅದನ್ನೇ ಬರೆದುಕೊಟ್ಟರು. ಹುಡುಗಿಯ ತಂದೆ ಆಲ್ಬಮ್ ಹಿಡಿದು ಸ್ಟುಡಿಯೋಗೆ ಬಂದು ಕೂಗಾಡಿದರು. "ನೀವ್ ಪುರೋಹಿತರನ್ನ ಬೈರಿ, ಗಡಿಯಾರನ ಬೈರಿ, ನನ್ನ ಕೈಲಿ ಸುಳ್ಳು ಬರೆಸ್ಬೇಡಿ" ಎಂದು ಇವರು ಕೂತಲ್ಲಿಂದ ಏಳಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಫೋಟೋ ಸುಳ್ಳು ಹೇಳಲ್ಲ ಕಣಪ್ಪ. ಹೇಳಿದ್ರೆ ಅದ್ರ ಪಕ್ಕ ಇರೋ ಮನುಷ್ಯನೇ ಹೇಳ್ಬೇಕು" ಎಂದರು. ಆ ಮಾತಿಗೆ ನಾನೂ ನಕ್ಕಿದ್ದೆ.

ಗೌರಿಬಿದನೂರಿಗೆ ಹೋದ ಭಾನುವಾರ ನೆನಪಿದೆ. ಅಲ್ಲಿಯದು ದೊಡ್ಡ ಹಳಿ, ದೊಡ್ಡ ರೈಲು. ಉಗಿಬಂಡಿಗಳ ಕಾಲದ ನೀರಿನ ಕಂಬವೊಂದು ಸ್ಟೇಷನ್ನಿನ ತುದಿಯಲ್ಲಿ ಉಳಿದಿತ್ತು. ಅದನ್ನು ತೆಗೆಯುತ್ತಿರುವಾಗ ಎಕ್ಸ್‌ಪ್ರೆಸ್ಸೊಂದು ಪ್ಲಾಟ್‌ಫಾರಂ ನಡುಗಿಸುತ್ತ ಹೋಯಿತು. ಇದನ್ನೂ ತೆಗೆಯಿರಿ ಸಾರ್ ಎಂದೆ. ಅವರು ಲೆನ್ಸಿನ ಮೇಲೆ ಅಂಗೈ ಇಟ್ಟುಕೊಂಡರು. "ಅದು ಬದುಕಿದೆ, ಅದಕ್ಕೆ ನಾನ್ಯಾಕೆ" ಎಂದರು. ಮಧ್ಯಾಹ್ನ ಸ್ಟೇಷನ್ನಿನ ಹತ್ತಿರವೇ ಇದ್ದ ತಂಗಿಯ ಮನೆಯಲ್ಲಿ ಮುದ್ದೆ, ಹುರುಳಿಕಾಳು ಸಾರು. "ಇವ್ನ ಜೊತೆ ತಿರುಗ್ತೀಯಲ್ಲಪ್ಪ, ನಿನ್ನ ಮನೇಲಿ ಏನೂ ಅನ್ನಲ್ವಾ?" ಎಂದು ಆಕೆ ನನ್ನನ್ನು ಕೇಳಿದರು. ತಮಾಷೆ ಎಂದುಕೊಂಡೆ. ನನ್ನ ಹೆಂಡತಿಯೂ ಆಗಲೇ ಅನ್ನಲು ಶುರುಮಾಡಿದ್ದಳು.

ಅನ್ನುವುದಕ್ಕೆ ಕಾರಣಗಳಿದ್ದವು. ಚಿಂತಾಮಣಿಯ ಹಳೆಯ ಗೂಡ್ಸ್ ಶೆಡ್ಡನ್ನು ನಾವು ತೆಗೆದು ಬಂದ ಹದಿನೈದು ದಿನಕ್ಕೆ ಅದು ನೆಲಸಮವಾಯಿತು. ಚಿಕ್ಕಬಳ್ಳಾಪುರದ ಬಳಿ ಕಲ್ಲಿನ ಮೋರಿಯೊಂದನ್ನು ತೆಗೆದೆವು, ಮುಂದಿನ ವಾರ ಹೋದರೆ ಮೋರಿ ಇರಲಿಲ್ಲ. ಕೆಡವುತ್ತಾರೆ ಎಂದು ಗೊತ್ತಿದ್ದಕ್ಕೇ ನಾವು ಹೋಗಿದ್ದು. ಆದರೆ ನೋಡುವವರಿಗೆ ಅದು ತಲೆಕೆಳಗಾಗಿ ಕಾಣುತ್ತಿತ್ತು. ಅಲ್ಲಿಗೇ ನಿಂತಿದ್ದರೆ ಸರಿ. ಸಣ್ಣ ಹಳಿಯ ಗೇಟಿನಲ್ಲಿ ವೆಂಕಟಪ್ಪ ಎಂಬ ಮುದುಕರಿದ್ದರು. ಗೇಟು ಮುಚ್ಚುವ ಕೆಲಸ ಹೋದ ಮೇಲೂ ಗುಡಿಸಲು ಬಿಟ್ಟಿರಲಿಲ್ಲ. ಹಸಿರು ಬಾವುಟ ಹಿಡಿದು ತಾವಾಗಿಯೇ ಕ್ಯಾಮೆರಾ ಮುಂದೆ ನಿಂತರು. ಎಂಟನೆಯ ದಿನಕ್ಕೆ ಹೋಗಿಬಿಟ್ಟರು. ಸ್ಟುಡಿಯೋದಲ್ಲಿ ಒಣಗಲು ತೂಗುಹಾಕಿದ್ದ ವೆಂಕಟಪ್ಪನವರ ಫೋಟೋವನ್ನು ಯಾರೋ ನೋಡಿದರು. ಅಷ್ಟೇ ಸಾಕಾಯಿತು. "ಅವನ ಕ್ಯಾಮೆರಾಕ್ಕೆ ಬಿದ್ದದ್ದು ಉಳಿಯಲ್ಲ" ಎಂಬ ಮಾತು ಮಾರುಕಟ್ಟೆಗೆ ಗೂಡು ತಂದವರ ಖಾಲಿ ಚೀಲಗಳ ಜೊತೆ ಹಳ್ಳಿಹಳ್ಳಿಗೆ ವಾಪಸು ಹೋಯಿತು. ಎರಡು ಮದುವೆಯವರು ಬೇರೆ ಸ್ಟುಡಿಯೋ ನೋಡಿಕೊಂಡರು.

"ಬೇಜಾರಾಗಲ್ವಾ ಸಾರ್?" ಎಂದು ಕೇಳಿದೆ.

"ಯಾಕಪ್ಪ ಬೇಜಾರು? ನಾಳೆ ಬೀಳೋದನ್ನ ಇವತ್ತು ತೆಗೀತೀನಿ. ಹೆಣ ತೆಗೆಯೋದಕ್ಕಿಂತ ಒಂದು ಮೆಟ್ಲು ಮೇಲಾಯ್ತಲ್ಲ" ಎಂದರು. ಬೇಜಾರಾಗಿತ್ತು. ವೆಂಕಟಪ್ಪನವರ ಫೋಟೋ ಆಮೇಲೆ ಗೋಡೆಯ ಮೇಲೆ ಕಾಣಲಿಲ್ಲ.

ಇನ್ನು ಮೂರು ಕಣ್ಣಿನ ಸೇತುವೆಯ ವಿಷಯಕ್ಕೆ ಬರಬೇಕು. ಇಷ್ಟು ಹೊತ್ತು ಅದನ್ನು ಮುಂದೆ ತಳ್ಳುತ್ತ ಬಂದಿದ್ದೇನೆ.

ಮೇಲೂರಿನ ಆಚೆ ಒಂದು ಹಳ್ಳಕ್ಕೆ ಅಡ್ಡಲಾಗಿ ಸಣ್ಣ ಹಳಿಯ ಕಲ್ಲಿನ ಸೇತುವೆಯಿತ್ತು. ಮೂರು ಕಮಾನು, ನಡುವೆ ಎರಡು ಕಂಬ. ಹಳಿ ಕಿತ್ತ ಮೇಲೆ ಅದು ಜನರ ಕಾಲುದಾರಿಯಾಯಿತು. ಹಳ್ಳದಾಚೆಯ ಹಳ್ಳಿಯಿಂದ ಹೆಂಗಸರು ನೂಲು ತೆಗೆಯುವ ರೀಲಿಂಗ್ ಶೆಡ್ಡಿಗೆ ಬೆಳಿಗ್ಗೆ ಅದರ ಮೇಲೆ ಬರುತ್ತಿದ್ದರು, ಸಂಜೆ ಅದರ ಮೇಲೆ ಹೋಗುತ್ತಿದ್ದರು. ಹಿಪ್ಪುನೇರಳೆ ಸೊಪ್ಪಿನ ಹೊರೆಯವರು, ಕುರಿಯವರು, ಎಲ್ಲರಿಗೂ ಅದೇ ದಾರಿ. ರಸ್ತೆಯಲ್ಲಿ ಸುತ್ತಿಕೊಂಡು ಬಂದರೆ ಮುಕ್ಕಾಲು ಗಂಟೆ ಹೆಚ್ಚು. ಕೆಳಗೆ ಹಳ್ಳದಲ್ಲಿ ಟ್ರ್ಯಾಕ್ಟರುಗಳು ಮರಳು ತುಂಬುತ್ತಿದ್ದವು. ಬೆಂಗಳೂರು ಬೆಳೆಯುತ್ತಿತ್ತು, ಅದಕ್ಕೆ ನಮ್ಮ ಹಳ್ಳಗಳ ಮರಳು ಬೇಕಿತ್ತು. ಮೊದಲು ಹಳ್ಳದ ನಡುವೆ ತೋಡಿದರು. ಆಮೇಲೆ ಕಂಬಗಳ ಬುಡಕ್ಕೆ ಬಂದರು.

ಆ ಸೇತುವೆಯನ್ನು ಮೊದಲ ಸಲ ತೆಗೆದಾಗ ನಾನು ಈಚೆ ಕಂಬದ ಪಕ್ಕದ ಬಂಡೆಯ ಮೇಲೆ ನಿಂತಿದ್ದೆ. ಕಂಬದಲ್ಲಿ ಸುತ್ತಲೂ ಉಬ್ಬಿದ ಒಂದು ಪಟ್ಟಿಕಲ್ಲಿತ್ತು. ಫೋಟೋದಲ್ಲಿ ಆ ಪಟ್ಟಿ ಸರಿಯಾಗಿ ನನ್ನ ಹುಬ್ಬಿನ ಮಟ್ಟಕ್ಕಿತ್ತು. ಮಳೆಗಾಲ ಕಳೆದು ಎರಡನೆಯ ಸಲ ತೆಗೆದರು. ಪಟ್ಟಿ ನನ್ನ ಕಣ್ಣಿನ ಮಟ್ಟಕ್ಕೆ ಬಂದಿತ್ತು. ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಅವರು ಸ್ಕೇಲಿನಿಂದ ಅಳೆದು ನೋಡಿದರು. "ನೀನೇನಾದ್ರೂ ಬೆಳೆದ್ಯೇನಪ್ಪ?" ಎಂದರು. ಬಾಗಿಲಿಗೆ ನಿಲ್ಲಿಸಿ ಮತ್ತೆ ಅಳೆದರು. ಹಳೆಯ ಗೆರೆಯೇ. "ಹಂಗಾದ್ರೆ ಕಂಬ ಕೂತ್ಕೊಳ್ತಾ ಇದೆ" ಎಂದರು.

ಅವತ್ತಿನಿಂದ ತಿಂಗಳಿಗೊಂದು ಫೋಟೋ. ಬಂಡೆಯ ಮೇಲೆ ನಾನು ನಿಲ್ಲುವ ಜಾಗದಲ್ಲಿ ಬಿಳಿ ಪೇಂಟಿನಿಂದ ಎರಡು ಪಾದ ಬರೆದರು. ದಡದ ಮೇಲೆ ಕ್ಯಾಮೆರಾದ ಸ್ಟ್ಯಾಂಡಿನ ಮೂರು ಕಾಲಿಗೆ ಮೂರು ಚುಕ್ಕೆ. ಅದೇ ಜಾಗ, ಅದೇ ಹೊತ್ತು, ಬರಿಗಾಲು. ಪಟ್ಟಿಕಲ್ಲು ಕಣ್ಣಿನಿಂದ ಮೂಗಿನ ಮೇಲಕ್ಕೆ, ಅಲ್ಲಿಂದ ಮೂಗಿನ ನಡುವಿಗೆ ಇಳಿಯಿತು. ಮೇಲೆ ಜನ ನಡೆಯುತ್ತಿದ್ದರು. ನಡೆಯುವವರಿಗೆ ಸೇತುವೆ ಕಾಣುವುದಿಲ್ಲ, ದಾರಿ ಮಾತ್ರ ಕಾಣುತ್ತದೆ. ನಾನು ಕೆಳಗೆ ಅಲುಗಾಡದೆ ನಿಂತಿರುವಾಗ ತಲೆಯ ಮೇಲೆ ಹೆಂಗಸರ ನಗು, ಬಳೆಯ ಸದ್ದು, ಕುರಿಗಳ ಗೊರಸು ಕೇಳಿಸುತ್ತಿತ್ತು. ಒಂದು ಸಲ ಕಮಾನಿನಿಂದ ಗಾರೆಯ ಪುಡಿ ನನ್ನ ಭುಜದ ಮೇಲೆ ಉದುರಿತು. ಒರೆಸಿಕೊಳ್ಳಲೂ ಭಯವಾಯಿತು.

ಅವರು ಜನರಿಗೆ ಹೇಳಿದರು. "ರೈಲು ಹೊತ್ತಿದ್ದ ಸೇತುವೆ ನಮ್ಮನ್ನ ಹೊರಲ್ವಾ ಸಾಮಿ?" ಎಂದು ಹೆಂಗಸರು ನಕ್ಕರು. ಎರಡು ತುದಿಗೂ ಜಾಲಿಮುಳ್ಳು ಎಳೆದು ಹಾಕಿದರು. ಮಾರನೆಯ ದಿನ ಮುಳ್ಳು ಯಾರದೋ ಒಲೆಗೆ ಹೋಗಿತ್ತು. ಟ್ರ್ಯಾಕ್ಟರಿನವರ ಹತ್ತಿರ ಕೈಮುಗಿದರು. ಅವರು ಬುಡ ಬಿಟ್ಟು ನಾಲ್ಕು ದಿನ ಆಚೆ ತೋಡಿ, ಐದನೆಯ ದಿನ ಮತ್ತೆ ಬಂದರು. ಉಳಿದದ್ದು ಕಚೇರಿ. ಯಾವ ಕಚೇರಿ ಎಂದು ಹೇಳುವುದಿಲ್ಲ. ಅಲ್ಲಿದ್ದವರಿಗಿಂತ ಹೆಚ್ಚಿನ ತಪ್ಪು ನನ್ನದು. ಎಂಟು ತಿಂಗಳ ಎಂಟು ಫೋಟೋಗಳನ್ನು ತಂದು ತೋರಿಸಿ, ನೋಡೋಣ ಎಂದು ಒಬ್ಬ ಅಧಿಕಾರಿ ದಿನ ಕೊಟ್ಟರು. ಆಗ ಏಳು ಆಗಿದ್ದವು.

ಎಂಟನೆಯದನ್ನು ತೆಗೆದ ದಿನ ನನಗೆ ಚಿಂತಾಮಣಿಯಲ್ಲಿ ನಾದಿನಿಯ ನಿಶ್ಚಿತಾರ್ಥಕ್ಕೆ ಹೋಗಬೇಕಿತ್ತು. ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು ಹಾಕಿಕೊಂಡೇ ಬಂದಿದ್ದೆ. ಹಿಂದಿನ ವಾರ ಮಳೆಯಾಗಿ, ಪಾದದ ಗುರುತಿದ್ದ ಆಚೆ ಬದಿಗೆ ಹೋಗಬೇಕಾದರೆ ಮೊಣಕಾಲುದ್ದ ನೀರು ದಾಟಬೇಕಿತ್ತು. ಬಂಡೆಯ ಈಚೆ ಬದಿ ಒಣಗಿತ್ತು, ಸ್ವಲ್ಪ ಇಳಿಜಾರು, ಅಷ್ಟೇ. ಬೂಟು ಬಿಚ್ಚಿ ಈಚೆಯೇ ನಿಂತೆ. ಅವರ ಕಣ್ಣಿಗೆ ಆಗ ಪೊರೆ ಬರುತ್ತಿತ್ತು. ನಲವತ್ತು ಹೆಜ್ಜೆ ದೂರದಿಂದ ಬಿಳಿ ಪೇಂಟು ಅವರಿಗೆ ಕಾಣುತ್ತಿರಲಿಲ್ಲ.

"ಗುರುತಿನ ಮೇಲೆ ತಾನೇನಪ್ಪ?" ಎಂದು ದಡದಿಂದ ಕೂಗಿದರು.

"ಹ್ಞೂ ಸಾರ್" ಎಂದೆ.

ನನ್ನ ಬಾಳಿನಲ್ಲಿ ಹೇಳಿದ ಸುಳ್ಳುಗಳನ್ನೆಲ್ಲ ತೂಕಕ್ಕೆ ಹಾಕಿದರೆ ಅದು ಎಲ್ಲಕ್ಕಿಂತ ಹಗುರ. ಒಂದು ಪ್ಯಾಂಟಿನ ಸುಳ್ಳು. ಎರಡು ದಿನದ ಮೇಲೆ ಅವರು ಫೋಟೋ ಮುಂದಿಟ್ಟುಕೊಂಡು ಗೊಂದಲದಲ್ಲಿ ಕೂತಿದ್ದರು. ಪಟ್ಟಿಕಲ್ಲು ಮತ್ತೆ ನನ್ನ ಹುಬ್ಬಿನ ಮಟ್ಟಕ್ಕೆ ಏರಿತ್ತು. "ನೀನು ಅಲ್ಲೇ ನಿಂತಿದ್ದೆ ತಾನೇ?" ಎಂದು ಮತ್ತೆ ಕೇಳಿದರು. ಆಗಲಾದರೂ ಹೇಳಬಹುದಿತ್ತು. ನಾಚಿಕೆಯಾಯಿತು. ಅಲ್ಲೇ ಸಾರ್ ಎಂದೆ. ಅದನ್ನೊಂದು ಬಿಟ್ಟು ಉಳಿದ ಏಳನ್ನು ತೋರಿಸೋಣ ಎಂದೂ ಸಲಹೆ ಕೊಟ್ಟೆ. ಅವರು ನನ್ನನ್ನು ನೋಡಿದ ನೋಟಕ್ಕೆ ನಾನು ತಲೆ ತಗ್ಗಿಸಿದೆ. "ಒಂದನ್ನ ಬಚ್ಚಿಟ್ರೆ ಎಂಟೂ ಸುಳ್ಳಾಗ್ತವೆ" ಎಂದರು.

ಚಿಕ್ಕಬಳ್ಳಾಪುರದ ಆ ಕಚೇರಿಯಲ್ಲಿ ಎಂಟನ್ನೂ ಸಾಲಾಗಿ ಹರಡಿದರು. ಅಧಿಕಾರಿ ಒಂದೊಂದನ್ನೇ ಎತ್ತಿ ನೋಡುತ್ತ ಬಂದರು. ಆರನೆಯದಕ್ಕೆ ಬರುವ ಹೊತ್ತಿಗೆ ಅವರ ಮುಖ ಗಂಭೀರವಾಗಿತ್ತು, ಅದನ್ನು ನಾನು ಕಣ್ಣಾರೆ ಕಂಡೆ. ಏಳನೆಯದನ್ನು ನೋಡಿ ಫೋನಿನ ಕಡೆ ಕೈ ಚಾಚಿದ್ದರು. ಎಂಟನೆಯದನ್ನು ನೋಡಿ ಕೈ ಹಿಂದಕ್ಕೆ ತೆಗೆದುಕೊಂಡರು.

"ಏನ್ರೀ ಇದು, ನಿಮ್ಮ ಸೇತುವೆ ಕೂತ್ಕೊಂಡು ಕೂತ್ಕೊಂಡು ಸಾಕಾಗಿ ಎದ್ ನಿಂತ್ಕೊಂಡಿದೆಯಲ್ಲ!"

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಕಾಫಿ ತಂದವನೂ ನಕ್ಕ.

ವಾಪಸು ಬರುವ ಬಸ್ಸಿನಲ್ಲಿ ನಾನು ತಡೆಯಲಾರದೆ ಪ್ಯಾಂಟಿನ ವಿಷಯ ಹೇಳಿಬಿಟ್ಟೆ. ಅವರು ಕಿಟಕಿಯ ಆಚೆ ನೋಡುತ್ತಲೇ ಇದ್ದರು. "ಎಷ್ಟು?" ಎಂದರು.

"ಏನು ಸಾರ್?"

"ಎಷ್ಟು ಕೆಳಗೆ ನಿಂತಿದ್ದೆ?"

"ನಾಲ್ಕು ಬೆರಳು ಸಾರ್."

ಬೈದಿದ್ದರೆ ಉಳಿದುಕೊಳ್ಳುತ್ತಿದ್ದೆ. ಬೈಯಲಿಲ್ಲ. ಇಳಿಯುವಾಗ, "ನಾಳೆ ಇನ್ನೊಂದ್ ಸಲ ಹೋಗಣ, ನಿಜ ಹೇಳಣ" ಎಂದರು. ಹೋದೆವು. ಅಧಿಕಾರಿ ಈ ಸಲ ನಗಲೂ ಇಲ್ಲ. "ನಿನ್ನೆ ಫೋಟೋ ಸುಳ್ಳು ಹೇಳಲ್ಲ ಅಂದ್ರಿ, ಇವತ್ತು ಹೇಳ್ತದೆ ಅಂತಿದೀರ. ಯಾವ ದಿನದ ಮಾತು ನಂಬ್ಲಿ ಸ್ವಾಮಿ?" ಎಂದರು.

ಅದರ ಮಾರನೆಯ ಬೆಳಿಗ್ಗೆ ಸ್ಟುಡಿಯೋ ತೆರೆಯಲಿಲ್ಲ. ನಾನು ಗಾಬರಿಯಿಂದ ಸೈಕಲ್ ತುಳಿದುಕೊಂಡು ಸೇತುವೆಯ ಹತ್ತಿರ ಹೋದೆ. ಈಚೆ ತುದಿಯಲ್ಲಿ, ದಾರಿಯ ನಟ್ಟನಡುವೆ ಸ್ಟ್ಯಾಂಡು ನೆಟ್ಟು, ಕ್ಯಾಮೆರಾ ಏರಿಸಿ, ಕಪ್ಪು ಬಟ್ಟೆ ಹೆಗಲ ಮೇಲೆ ಹಾಕಿಕೊಂಡು ಅವರು ನಿಂತಿದ್ದರು. ಆಚೆ ತುದಿಯಲ್ಲಿ ರೀಲಿಂಗ್ ಶೆಡ್ಡಿನ ಹೆಂಗಸರು ಗುಂಪಾಗಿ ನಿಂತಿದ್ದರು. ಯಾರೂ ಸೇತುವೆಯ ಮೇಲೆ ಕಾಲಿಡುತ್ತಿರಲಿಲ್ಲ.

ಆಗ ನನಗೆ ಅರ್ಥವಾಯಿತು. ಮುಳ್ಳಿಗೆ ಹೆದರದವರು, ಮಾತಿಗೆ ಹೆದರದವರು ಅವರ ಕ್ಯಾಮೆರಾಕ್ಕೆ ಹೆದರುತ್ತಿದ್ದರು. ಊರು ತಮ್ಮ ಮೇಲೆ ಹೊರಿಸಿದ ಅಪವಾದವನ್ನೇ ತಂದು ಅವರು ದಾರಿಗೆ ಅಡ್ಡ ಇಟ್ಟಿದ್ದರು. ಹೆಂಗಸರು ಶಪಿಸುತ್ತ ರಸ್ತೆಯ ಕಡೆ ತಿರುಗಿದರು. ಸಂಜೆ ಆಚೆ ತುದಿಗೆ ಹೋಗುವವರಿಗೆ ಈಚೆ ತುದಿಯಲ್ಲಿ ಮತ್ತೆ ಅವರೇ. ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ನಾಲ್ಕರಿಂದ ಕತ್ತಲಾಗುವವರೆಗೆ. ಮಾರುಕಟ್ಟೆಯ ಹರಾಜು ಮುಗಿದ ಮೇಲೆ ನಾನೂ ಹೋಗಿ ಪಕ್ಕದಲ್ಲಿ ನಿಲ್ಲುತ್ತಿದ್ದೆ. ಸ್ಟುಡಿಯೋಗೆ ಬರುತ್ತಿದ್ದ ಕೊನೆಯ ಗಿರಾಕಿಗಳೂ ಬರುವುದು ಬಿಟ್ಟರು. ಯಾರೋ ಅವರ ಮೊಪೆಡ್ಡಿನ ಸೀಟು ಕುಯ್ದರು. ಒಂದು ದಿನ ಹೊಲದ ಕಡೆಯಿಂದ ಕಲ್ಲು ಬಂದು ಅವರ ಮಂಡಿಗೆ ತಾಗಿತು. ಅವರು ಮಂಡಿ ಉಜ್ಜಿಕೊಂಡು, ಸ್ಟ್ಯಾಂಡು ಅಲುಗಿತೇನೋ ಎಂದು ನೋಡಿದರು.

ನಾರಾಯಣಮ್ಮ ಎಂಬ ಹೆಂಗಸೊಬ್ಬಳು ಮಾತ್ರ ಹೆದರಲಿಲ್ಲ. ಒಂದು ಸಂಜೆ ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ನಮ್ಮನ್ನು ತಳ್ಳಿಕೊಂಡೇ ಹೋಗಿ, ಈಚೆ ಕಂಬದ ಮೇಲೆ ತಿರುಗಿ ನಿಂತಳು. "ತೆಗಿಯಯ್ಯ, ತೆಗಿ! ನಾನೇನಾಗ್ತೀನೋ ನೋಡೇ ಬಿಡಣ!" ಕೆಳಗಿನ ಕಂಬವನ್ನು ತಿಂಗಳು ತಿಂಗಳು ಮುಖಕ್ಕೆ ಮುಖ ಕೊಟ್ಟು ನೋಡಿದವನು ನಾನು. ಅವರು ಅವಸರ ಮಾಡದೆ ಕ್ಯಾಮೆರಾಕ್ಕೆ ಕಣ್ಣಿಟ್ಟರು. ಆಮೇಲೆ ತಲೆಯೆತ್ತಿ, ಮನೆಯ ಮಗಳನ್ನು ಮಾತಾಡಿಸುವ ದನಿಯಲ್ಲಿ ತೆಲುಗಿನಲ್ಲಿ ಕೇಳಿದರು: "ಅಮ್ಮಾ, ನೀಕು ಪಿಲ್ಲಲು ಎಂತಮಂದಿ?"

ಮಕ್ಕಳೆಷ್ಟು ಜನ ನಿನಗೆ ಎಂದು ಕೇಳಿದ್ದು, ಅಷ್ಟೇ. ಅಷ್ಟು ಮೆತ್ತಗಿನ ದನಿಯಲ್ಲಿ ಅಷ್ಟು ಕ್ರೂರವಾದ ಪ್ರಶ್ನೆಯನ್ನು ನಾನು ಮತ್ತೆಲ್ಲೂ ಕೇಳಿಲ್ಲ. ನಾರಾಯಣಮ್ಮನ ಮುಖ ಬಿಳಿಚಿತು. ಹೊರೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದ ದಾರಿಯಲ್ಲೇ ವಾಪಸು ಬಂದಳು. ನಮ್ಮನ್ನು ದಾಟುವಾಗ ಅವರ ಕಾಲ ಬಳಿ ಉಗಿದಳು. ಅವಳು ರಸ್ತೆ ಸೇರುವವರೆಗೂ ಅವರು ಅಲ್ಲಾಡಲಿಲ್ಲ.

ಇಪ್ಪತ್ತೆರಡನೆಯ ದಿನ. ಎರಡು ದಿನದಿಂದ ನಂದಿಬೆಟ್ಟದ ಕಡೆ ಮಳೆ, ಹಳ್ಳದಲ್ಲಿ ಕೆಂಪು ನೀರು. ನಾಲ್ಕೂವರೆಗೆ ರೀಲಿಂಗ್ ಶೆಡ್ಡು ಬಿಟ್ಟು ಹೆಂಗಸರು ಬಂದರು, ಕ್ಯಾಮೆರಾ ಕಂಡು ದೂರದಲ್ಲೇ ತಿರುಗಿಕೊಂಡರು. ಅವರು ರಸ್ತೆಯ ತಿರುವಿಗೆ ತಲುಪಿರಬೇಕು, ಅಷ್ಟರಲ್ಲಿ ಕೆಳಗೆ ಚಪ್ಪಡಿ ಎಳೆದಂಥ ಸದ್ದಾಯಿತು. ಈಚೆ ಕಂಬ ಬೀಳಲಿಲ್ಲ, ಕೂತಿತು. ಆನೆ ಮಂಡಿಯೂರಿದ ಹಾಗೆ ನಿಧಾನಕ್ಕೆ ಕೂತಿತು. ಅದರ ಎರಡು ಬದಿಯ ಕಮಾನುಗಳು ಅದರ ಮೇಲೆ ಸುರಿದವು. ಕೊನೆಯ ಕಲ್ಲು ನೀರಿಗೆ ಬಿದ್ದ ಮೇಲೆ ಟಿಟ್ಟಿಭ ಹಕ್ಕಿಯೊಂದು ಕೂಗುತ್ತಾ ಸುತ್ತು ಹೊಡೆಯಿತು. ನಮ್ಮ ಕಾಲಿನಿಂದ ಐದಾರು ಮಾರು ಮುಂದೆ ದಾರಿ ಇರಲಿಲ್ಲ.

ಅವರು ಫೋಟೋ ತೆಗೆಯಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. "ಮುಂಚೆ ಬಂದ್ವಿ ಕಣಪ್ಪ" ಎಂದರು. ಬಂದೆ ಅನ್ನಲಿಲ್ಲ, ಬಂದ್ವಿ ಅಂದರು. ನನಗೆ ಅಳು ಬಂತು.

ನೀವು ಇದನ್ನು ತೆಗೆಯಬೇಕಿತ್ತು ಸಾರ್, ಎಂಟು ತಿಂಗಳಿನಿಂದ ಕಾದದ್ದು ಎಂದೆ. ಅವರು ಕ್ಯಾಮೆರಾದ ಹಿಂಬಾಗಿಲು ತೆಗೆದು ತೋರಿಸಿದರು. ಒಳಗೆ ರೀಲೇ ಇರಲಿಲ್ಲ. ಇಪ್ಪತ್ತೆರಡು ದಿನವೂ ಹಾಕಿರಲಿಲ್ಲವಂತೆ. "ಬರೀ ಹೆದರ್ಸೋಕೆ ರೀಲ್ ಯಾಕೆ?" ಎಂದವರು ನನ್ನ ಕಡೆ ನೋಡದೆ ಹೇಳಿದರು: "ಅಕಸ್ಮಾತ್ ಬಟನ್ ಒತ್ತಿ, ಆಮೇಲೆ ಆ ಹೆಣ್ಮಕ್ಳಿಗೆ ಏನಾದ್ರೂ ಆಗ್ಬಿಟ್ರೆ? ವೆಂಕಟಪ್ಪ ನೆನಪಾಗ್ತಾನೆ ಕಣಪ್ಪ." ಶಕುನ ನಂಬದ ಮನೆತನದ ಮನುಷ್ಯ. ಊರು ಅವರಿಗೆ ಏನು ಮಾಡಿತ್ತು ಎಂದು ನನಗೆ ಆವತ್ತು ಗೊತ್ತಾಯಿತು.

ರಸ್ತೆಯ ತಿರುವಿನಲ್ಲಿ ಹೆಂಗಸರು ನಿಂತು ನೋಡುತ್ತಿದ್ದರು. "ನುಂಗಿಬಿಟ್ಟ ನೋಡ್ರೇ, ನಿಂತು ನಿಂತು ನುಂಗೇಬಿಟ್ಟ" ಎಂದು ಒಬ್ಬಳು ಕೂಗಿದಳು. ಅದೇ ಕಥೆ ಊರಿಗೆ ಹೋಯಿತು, ಅದೇ ಉಳಿಯಿತು. ನಾನು ಬಾಯಿಬಿಟ್ಟು ಹೇಳಿದ್ದು ಯಾರಿಗೂ ಬೇಕಾಗಲಿಲ್ಲ. ಎಂಟನೆಯ ಫೋಟೋದ ವಿಷಯವನ್ನು ನಾನು ಎಲ್ಲರಿಗೂ ಹೇಳಲೂ ಇಲ್ಲ, ಅದನ್ನೂ ಒಪ್ಪಿಕೊಳ್ಳಬೇಕು. ಆರು ತಿಂಗಳಿಗೆ ಸ್ಟುಡಿಯೋ ಮುಚ್ಚಿ ಅವರು ಗೌರಿಬಿದನೂರಿಗೆ ಹೊರಟುಹೋದರು. ವರ್ಷಕ್ಕೊಂದೆರಡು ಸಲ ಹೋಗಿ ನೋಡಿಕೊಂಡು ಬರುತ್ತಿದ್ದೆ. ಪೊರೆ ತೆಗೆಸಿಕೊಂಡಿದ್ದರು. ರೈಲಿನ ಸದ್ದಿಗೆ ಕಿವಿಗೊಟ್ಟು ಜಗಲಿಯ ಮೇಲೆ ಕೂತಿರುತ್ತಿದ್ದರು. ನಾಲ್ಕು ಬೆರಳಿನ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಅವರು ತೀರಿಕೊಂಡ ಹನ್ನೊಂದನೆಯ ದಿನ ಹೋದಾಗ ಅವರ ತಂಗಿ ಒಂದು ಕಂದು ಕವರು ಕೊಟ್ಟರು. "ಐದಡಿ ಆರಿಂಚಿನೋನಿಗೆ ಕೊಡು ಅಂದಿದ್ದ. ನೀನೇ ಅಲ್ವೇನಪ್ಪ?" ಎಂದರು. ಒಳಗೆ ಮೂರು ಕಣ್ಣಿನ ಸೇತುವೆಯ ಎಂಟು ಫೋಟೋಗಳಿದ್ದವು. ಎಂಟರಲ್ಲೂ ನಾನು ಬರಿಗಾಲಿನಲ್ಲಿ ನೆಟ್ಟಗೆ ನಿಂತಿದ್ದೇನೆ. ಮೊದಲ ಏಳರ ಹಿಂದೆ ದಿನ, ಹೊತ್ತು, "ಆಳು: ೫ ಅಡಿ ೬ ಇಂಚು". ಎಂಟನೆಯದನ್ನು ತಿರುಗಿಸಲು ನನಗೆ ಧೈರ್ಯ ಸಾಲದೆ ರೈಲು ಹತ್ತಿ ಕೂತ ಮೇಲೆ ತಿರುಗಿಸಿದೆ.

ಅದರ ಮೇಲೆ ಅದೇ ಕೈಬರಹದಲ್ಲಿ ಹೀಗಿತ್ತು: "ಆಳು ಗುರುತಿಗಿಂತ ನಾಲ್ಕು ಬೆರಳು ಕೆಳಗೆ. ಕಾಲಿಗೆ ಮುಳ್ಳು ಚುಚ್ಚಿತ್ತು."

ಅಷ್ಟು ವರ್ಷದಲ್ಲಿ ಅವರು ಫೋಟೋದ ಹಿಂದೆ ಬರೆದ ಸುಳ್ಳು ಅದೊಂದೇ. ನನ್ನ ಕಾಲಿಗೆ ಆ ದಿನ ಯಾವ ಮುಳ್ಳೂ ಚುಚ್ಚಿರಲಿಲ್ಲ.